ಬ್ರ್ಯಾಂಡನ್ ವಂಶಪಟ: ಐದನೇ ಹಾಳೆಯಲ್ಲಿ ಗೆರೆ ಕೂತಿತು

ಕೂತಿತು! ನಿನ್ನೆ ರಾತ್ರಿ ಹನ್ನೊಂದೂವರೆಗೆ ಚಾರ್ಲ್ಸ್ ಬ್ರ್ಯಾಂಡನ್‌ನ ಮದುವೆಗಳೆಲ್ಲ ಒಂದೇ ಹಾಳೆಯ ಮೇಲೆ, ಯಾರ ಹೆಸರೂ ಎರಡು ಸಲ ಬರದ ಹಾಗೆ ಕೂತವು. ನಾಲ್ಕು ಹಾಳೆ ಹೋದವು, ಇದು ಐದನೆಯದು. ಕಾಗದ ನೆನೆಸಿ ಹಲಗೆಗೆ ಬಿಗಿಯುವುದು, ಪೆನ್ಸಿಲ್ಲಿನಲ್ಲಿ ಚೌಕ ಹಾಕುವುದು, ನಿಬ್ಬಿಗೆ ತಕ್ಕಂತೆ ಇಂಕು ಹದ ಮಾಡುವುದು, ಇವೆಲ್ಲ ಕೈಯಲ್ಲಿ ವಂಶಪಟ ಬರೆಯುವವರಿಗೆ ಗೊತ್ತಿರುವುದೇ. ಹಾಗಾಗಿ ನೇರವಾಗಿ ತೊಡಕಿಗೇ ಬರುತ್ತೇನೆ.

ಹೊಸಬರಿಗೆ ಮಾತ್ರ ಎರಡು ಮಾತು. ಬ್ರ್ಯಾಂಡನ್ ಅಂದರೆ ಇಂಗ್ಲೆಂಡಿನ 8ನೇ ಹೆನ್ರಿಯ ಜೀವದ ಗೆಳೆಯ, ಸಫೋಕ್‌ನ ಡ್ಯೂಕ್. ಅಪ್ಪ ವಿಲಿಯಂ, ಹೆನ್ರಿಯ ತಂದೆಯ ಬಾವುಟ ಹಿಡಿದು ಬಾಸ್‌ವರ್ತ್ ಕಾಳಗದಲ್ಲಿ ಸತ್ತ. ಆಗ ಮಗುವಿಗೆ ಹೆಚ್ಚೆಂದರೆ ಒಂದು ವರ್ಷ. ಆ ಋಣಕ್ಕೆ ಹುಡುಗ ಅರಮನೆಯ ನೆರಳಲ್ಲೇ ಬೆಳೆದ. ಕುದುರೆಯೇರಿ ಈಟಿ ಹಿಡಿದು ಎದುರುಬದುರು ನುಗ್ಗುವ ಆಟದಲ್ಲಿ ಅರಸನಿಗೆ ಸರಿಸಾಟಿ. 1524ರ ಮಾರ್ಚ್‌ನಲ್ಲಿ ಹೆನ್ರಿ ಶಿರಸ್ತ್ರಾಣದ ಮುಖಮುಚ್ಚಿಗೆ ಇಳಿಸದೆಯೇ ನುಗ್ಗಿಬಿಟ್ಟ. ಬ್ರ್ಯಾಂಡನ್‌ನ ಈಟಿ ಅಲ್ಲೇ ತಾಗಿ ಚೂರಾಯಿತು, ಅರಸನ ಕಣ್ಣು ಕೂದಲೆಳೆಯಲ್ಲಿ ಉಳಿಯಿತು. ಅಷ್ಟಾದರೂ ಗೆಳೆತನ ಕೆಡಲಿಲ್ಲ. ಹೆನ್ರಿಯ ಆಪ್ತರಲ್ಲಿ ಎಷ್ಟೋ ಜನ ತಲೆ ಕಳೆದುಕೊಂಡರು, ಇವನು ಹಾಸಿಗೆಯಲ್ಲಿ ಸತ್ತ. ನನಗೆ ಇವನ ಹುಚ್ಚು ಹಿಡಿದದ್ದೇ ಅದಕ್ಕೆ.

ತೊಡಕು ಇದು. ವಂಶವೃಕ್ಷ ಅಂದರೆ ಕಾಂಡ, ಕೊಂಬೆ, ರೆಂಬೆ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಕೆಳಗೆ. ಇವನ ಸಂಸಾರ ಆ ಲೆಕ್ಕಕ್ಕೆ ಬಗ್ಗುವುದಿಲ್ಲ. ಮೊದಲು ಆನ್ ಬ್ರೌನ್ ಎಂಬವಳಿಗೆ ಮಾತು ಕೊಟ್ಟ. ಅವಳು ಬಸುರಿಯಾಗಿದ್ದಾಗಲೇ ಅವಳನ್ನು ಬಿಟ್ಟು 1507ರಲ್ಲಿ ಮಾರ್ಗರೆಟ್ ನೆವಿಲ್ ಎಂಬ, ತನಗಿಂತ ಬಹಳ ದೊಡ್ಡವಳಾದ ಶ್ರೀಮಂತ ವಿಧವೆಯನ್ನು ಮದುವೆಯಾದ. ಅವಳ ಜಮೀನು ಮಾರಿ ಹಣ ಮಾಡಿಕೊಂಡ. ಆ ಮದುವೆ ರದ್ದಾಯಿತು, 1508ರಲ್ಲಿ ತಿರುಗಿ ಬಂದು ಅದೇ ಆನ್‌ಳನ್ನು ಮದುವೆಯಾದ. ಇಬ್ಬರು ಹೆಣ್ಣುಮಕ್ಕಳನ್ನು ಕೊಟ್ಟು ಅವಳು ತೀರಿಕೊಂಡಳು. 1513ರಲ್ಲಿ ತನ್ನ ಪಾಲನೆಯಲ್ಲಿದ್ದ ಎಂಟು ವರ್ಷದ ಎಲಿಜಬೆತ್ ಗ್ರೇ ಜೊತೆ ನಿಶ್ಚಿತಾರ್ಥ. ಆ ಹುಡುಗಿಯ ಹಕ್ಕಿನಿಂದಲೇ ಲೈಲ್ ವೈಕೌಂಟ್ ಪದವಿ ಬಂತು, ಮದುವೆ ಮಾತ್ರ ನಡೆಯಲಿಲ್ಲ. 1515ರಲ್ಲಿ ಅರಸನ ತಂಗಿ ಮೇರಿ. 1533ರಲ್ಲಿ ಕ್ಯಾಥರೀನ್ ವಿಲೋಬಿ.

ಒಬ್ಬ ಮನುಷ್ಯನಿಗೆ ಇರುವುದು ಎಡ, ಬಲ ಎರಡೇ ಪಕ್ಕ! ಮೊದಲ ಹಾಳೆಯಲ್ಲಿ ಆನ್‌ಳನ್ನು ಎರಡು ಕಡೆ ಬರೆದೆ. ನೋಡಿದವರು ಇಬ್ಬರು ಆನ್‌ಗಳು ಅಂದುಕೊಂಡರು. ಎರಡನೆಯದರಲ್ಲಿ ಗೆರೆಗಳು ಒಂದನ್ನೊಂದು ಏಳು ಕಡೆ ದಾಟಿದವು. ಮೂರನೆಯದರಲ್ಲಿ ಬಣ್ಣ ಬಣ್ಣದ ಗೆರೆ ಎಳೆದೆ, ಬಸ್ಸಿನ ಮಾರ್ಗಗಳ ನಕ್ಷೆ ಆಯಿತು.

ನಂಟಿನ ಹೆಸರೂ ಕಾಡಿತು. ಮಾರ್ಗರೆಟ್ ಆನ್‌ಳಿಗೆ ಆಂಟ್ ಎಂದು ಇಂಗ್ಲಿಷ್ ಪುಸ್ತಕಗಳು ಒಂದೇ ಮಾತಿನಲ್ಲಿ ಮುಗಿಸುತ್ತವೆ. ನನ್ನ ಪಟ ಕನ್ನಡದ್ದು. ನಮಗೆ ಅತ್ತೆಯೇ ಬೇರೆ, ಚಿಕ್ಕಮ್ಮ ದೊಡ್ಡಮ್ಮಂದಿರೇ ಬೇರೆ. ಒಂದು ವಾರ ಹುಡುಕಿದ ಮೇಲೆ ಎಳೆ ಸಿಕ್ಕಿತು: ಆನ್‌ಳ ತಂದೆ ಸರ್ ಆಂಟನಿ ಬ್ರೌನ್‌ನ ಹೆಂಡತಿ ಲೂಸಿಯೂ ಈ ಮಾರ್ಗರೆಟ್ಟೂ ಒಡಹುಟ್ಟಿದವರು, ಮಾಂಟಗು ಮಾರ್ಕ್ವೆಸ್ ಜಾನ್ ನೆವಿಲ್‌ನ ಮಕ್ಕಳು. ಲೂಸಿ ಆನ್‌ಳ ಮಲತಾಯಿ. ಅಂದರೆ ನಂಟು ಮಲತಾಯಿಯ ಕಡೆಯದು, ಅತ್ತೆ ಎಂದು ಬರೆದಿದ್ದರೆ ತಪ್ಪಾಗುತ್ತಿತ್ತು. ‘ಲೂಸಿಯ ಒಡಹುಟ್ಟು’ ಎಂದು ಬರೆದೆ. ನಂಟಸ್ತನ ಬರೆಯುವಾಗ ನಮ್ಮ ಭಾಷೆ ಕೇಳುವಷ್ಟು ಪ್ರಶ್ನೆ ಇಂಗ್ಲಿಷ್ ಕೇಳುವುದಿಲ್ಲ. ಆ ಪ್ರಶ್ನೆಗಳಿಂದಲೇ ಈ ಸಂಸಾರ ನನಗೆ ಅರ್ಥವಾಗತೊಡಗಿದ್ದು.

ನಾಲ್ಕನೇ ಹಾಳೆಯಲ್ಲಿ ಮರವನ್ನೇ ಕೈಬಿಟ್ಟೆ. ಎಡ ಅಂಚಿಗೆ ವರ್ಷಗಳ ಅಳತೆಗೋಲು, ಒಬ್ಬೊಬ್ಬರಿಗೂ ಹುಟ್ಟಿನಿಂದ ಸಾವಿನವರೆಗೆ ಮೇಲಿಂದ ಕೆಳಕ್ಕೆ ಇಳಿಯುವ ಒಂದು ಪಟ್ಟಿ, ಮದುವೆ ಆದ ವರ್ಷದಲ್ಲಿ ಅಡ್ಡಗೆರೆ. ವರ್ಷಕ್ಕೆ 5 ಮಿಲಿಮೀಟರ್ ಇಟ್ಟಿದ್ದು ಸಾಲಲಿಲ್ಲ. 1507, 1508ರ ಗೆರೆಗಳು ಇಂಕು ಹರಡಿ ಅಂಟಿಕೊಂಡವು. ಐದನೆಯದಕ್ಕೆ ವರ್ಷಕ್ಕೆ 8 ಮಿಲಿಮೀಟರ್ ಮಾಡಿದೆ. 1484ರಿಂದ 1559ರವರೆಗೆ 600 ಮಿಲಿಮೀಟರ್. 22×30 ಇಂಚಿನ ಹಾಳೆಯಲ್ಲಿ ಮೇಲೆ ಲಾಂಛನಕ್ಕೂ ಜಾಗ ಉಳಿಯಿತು. ಲಾಂಛನ ಅಂದರೆ ಬ್ರ್ಯಾಂಡನ್‌ರದ್ದು: ಬೆಳ್ಳಿ, ಕೆಂಪು ಹತ್ತು ಅಡ್ಡಪಟ್ಟೆ, ಮೇಲೆ ಕಿರೀಟ ತೊಟ್ಟು ಹಿಂಗಾಲಲ್ಲಿ ನಿಂತ ಬಂಗಾರದ ಸಿಂಹ. ಬೆಳ್ಳಿ ಕಪ್ಪಾಗುತ್ತದೆ, ಬಿಳಿ ಬಣ್ಣವೇ ಇರಲಿ.

ಆದರೂ ಮಾರ್ಗರೆಟ್‌ಳ ಗೆರೆ ಆನ್‌ಳ ಪಟ್ಟಿಯನ್ನು ದಾಟದೆ ಬ್ರ್ಯಾಂಡನ್‌ನನ್ನು ಮುಟ್ಟುತ್ತಿರಲಿಲ್ಲ. ಹಾಳಾದ ಹಾಳೆಯಿಂದ 6 ಮಿಲಿಮೀಟರ್ ಅಗಲದ ಪಟ್ಟಿಗಳನ್ನು ಕತ್ತರಿಸಿ ಮೇಜಿನ ಮೇಲೆ ಆಡಿಸುತ್ತಾ ಕೂತಿದ್ದೆ. ಒಂದು ಪಟ್ಟಿ ಇನ್ನೊಂದರ ಅಡಿಗೆ ಜಾರಿತು. ಅಷ್ಟೇ! ಹಾಸು, ಹೊಕ್ಕು. ಬದುಕುಗಳು ಹಾಸು, ಮದುವೆಗಳು ಹೊಕ್ಕು. ಹೊಕ್ಕಿನ ನೂಲು ಹಾಸಿನ ಅಡಿಯಲ್ಲಿ ಹಾದುಹೋದರೆ ಅದನ್ನು ಯಾರೂ ಗೋಜಲು ಅನ್ನುವುದಿಲ್ಲ, ನೇಯ್ಗೆ ಅನ್ನುತ್ತಾರೆ. ಆನ್‌ಳ ಮಾತಿನ ಗೆರೆ, ಅವಳ ಪಟ್ಟಿಯ ಅಡಿಯಿಂದ ಬಂದ ಮಾರ್ಗರೆಟ್‌ಳ ಗೆರೆ, ಮತ್ತೆ ಆನ್‌ಳ ಮದುವೆಯ ಗೆರೆ. ಮೂರೂ ಬೇರೆ ಬೇರೆಯಾಗಿ ಓದಿಸಿಕೊಳ್ಳುತ್ತವೆ. ದಾಟುವ ಜಾಗದಲ್ಲಿ ಎರಡೂ ಬದಿ ಒಂದು ಕೂದಲಿನಷ್ಟು ಬಿಳಿ ಬಿಟ್ಟರೆ ಸಾಕು, ಅಡಿಯಲ್ಲಿ ಹೋದ ಹಾಗೆ ಕಾಣುತ್ತದೆ. ಆನ್ 1511ರ ಹೊತ್ತಿಗೆ ಮುಗಿದು, ಅದೇ ಸಾಲಿನಲ್ಲಿ ಕೆಳಗೆ 1519ರಲ್ಲಿ ಕ್ಯಾಥರೀನ್ ಶುರುವಾಗುತ್ತಾಳೆ. ನಡುವಿನ ಖಾಲಿಯಲ್ಲಿ ಎಲಿಜಬೆತ್ ಗ್ರೇಯ ಚುಕ್ಕಿಗೆರೆ ಹಾಯಾಗಿ ಹಾದುಹೋಯಿತು.

ಈಗ ರೇಕಿನ, ಅಂದರೆ ಅಂಟಿಸುವ ತೆಳು ಚಿನ್ನದ ಹಾಳೆಯ ವಿಷಯ. ಮೇರಿಯ ಪಟ್ಟಿಗೆ ಬಂಗಾರ ಎಂದು ಮೊದಲೇ ತೀರ್ಮಾನಿಸಿದ್ದೆ. ಅವಳೂ ಬ್ರ್ಯಾಂಡನ್ನೂ ಇರುವ ಜೋಡಿ ಭಾವಚಿತ್ರದ ಜೊತೆ ಒಂದು ಪದ್ಯ ಬರುತ್ತದೆ. ಜರಿ ಬಟ್ಟೆ ಒರಟು ಉಣ್ಣೆಯನ್ನು ಹಳಿಯದಿರಲಿ, ಉಣ್ಣೆ ಜರಿಯ ಜೊತೆ ಸೇರಿದೆನೆಂದು ಬೀಗದಿರಲಿ ಎಂಬ ಅರ್ಥ. ಹಾಗಾಗಿ ಅವನಿಗೆ ಕಂಬಳಿಯ ಬಣ್ಣ, ಅವಳಿಗೆ ಬಂಗಾರ. ಮೈಸೂರು ಶೈಲಿಯ ಚಿತ್ರ ಬರೆಯುವವರಿಗೆ ರೇಕು ಮಾರುವ ಒಂದು ಅಂಗಡಿಯಿಂದ ಅಪ್ಪಟ ಚಿನ್ನದ ರೇಕು ಎಂದು ಹೇಳಿಸಿಕೊಂಡೇ ತರಿಸಿದೆ. ನಾಲ್ಕನೇ ಹಾಳೆಯಲ್ಲಿ ಅಂಟಿಸಿದ ಮೂರು ವಾರಕ್ಕೆ ಅಂಚಿನಲ್ಲಿ ಹಸಿರು. ಹಿತ್ತಾಳೆ! ಫೋನ್ ಮಾಡಿದರೆ ‘ನಿಮ್ಮ ಊರಿನ ಹವೆ’ ಅಂದರು. ಚಿನ್ನಕ್ಕೆ ಯಾವ ಊರಿನ ಹವೆ ತಾಗುತ್ತದೆ? ಕೆರೆಯಲು ಹೋದರೆ ಕಾಗದದ ಮೈ ಎದ್ದು ನಾರು ನಾರಾಯಿತು. ದಯವಿಟ್ಟು ತುಂಡೊಂದನ್ನು ವಿನೆಗರ್ ಬಟ್ಟಲಿನ ಮೇಲೆ ಮುಚ್ಚಿಟ್ಟು ಒಂದೆರಡು ದಿನ ನೋಡಿ, ಆಮೇಲೆ ಹಾಳೆಗೆ ಹಾಕಿ.

ಹೊಸ ರೇಕಿನಲ್ಲಿ ಮೇರಿ ಈಗ ಹೊಳೆಯುತ್ತಿದ್ದಾಳೆ, 1496ರಿಂದ 1533ರವರೆಗೆ. ಅವಳ ಬಲಕ್ಕೆ ಫ್ರಾನ್ಸಿನ 12ನೇ ಲೂಯಿ. 1514ರ ಅಕ್ಟೋಬರ್ 9ಕ್ಕೆ ಮದುವೆ, 1515ರ ಜನವರಿ 1ಕ್ಕೆ ಅವನ ಸಾವು. ಹದಿನೆಂಟರ ಹುಡುಗಿ, ಐವತ್ತೆರಡರ ಗಂಡ. ನನ್ನ ಅಳತೆಯಲ್ಲಿ ಆ ದಾಂಪತ್ಯ 2 ಮಿಲಿಮೀಟರೂ ಇಲ್ಲ. ಅವಳನ್ನು ಕರೆತರಲು ಹೋದ ಬ್ರ್ಯಾಂಡನ್ ಅರಸನಿಗೆ ಕೊಟ್ಟ ಮಾತು ಮೀರಿ ಪ್ಯಾರಿಸ್ಸಿನಲ್ಲೇ ಗುಟ್ಟಾಗಿ ಮದುವೆಯಾದ. 24,000 ಪೌಂಡ್ ದಂಡ ಬಿತ್ತು, ಮೇ 13ಕ್ಕೆ ಗ್ರೀನಿಚ್‌ನಲ್ಲಿ ಎಲ್ಲರೆದುರು ಇನ್ನೊಮ್ಮೆ ಮದುವೆ. ಪಟದಲ್ಲಿ ಎರಡು ಗೆರೆ, ಮೊದಲನೆಯದು ತೆಳು, ಎರಡನೆಯದು ದಪ್ಪ.

ನಿನ್ನೆ ರಾತ್ರಿ ನನ್ನ ಕೈ ನಿಂತದ್ದು ಕ್ಯಾಥರೀನ್ ಹತ್ತಿರ. ತಂದೆ 1526ರಲ್ಲಿ ತೀರಿದ ಮೇಲೆ ಈ ಹುಡುಗಿಯ ಪಾಲಕತ್ವವನ್ನು ಬ್ರ್ಯಾಂಡನ್ ಅರಸನಿಂದ ಕೊಂಡುಕೊಂಡಿದ್ದ, ಮೇರಿಯಲ್ಲಿ ಹುಟ್ಟಿದ ಮಗ ಹೆನ್ರಿಗೆ ತಂದುಕೊಳ್ಳಬೇಕೆಂದು. ಹೆನ್ರಿಯ ಪಟ್ಟಿ ಅಪ್ಪನ ಬಲಕ್ಕೆ, ಕ್ಯಾಥರೀನ್ ಎಡಕ್ಕೆ. ಅವಳಿಂದ ಹೆನ್ರಿಗೆ ಚುಕ್ಕಿಗೆರೆ ಎಳೆಯುತ್ತಾ ಹೋದೆ. ಅದು ಅಪ್ಪನ ಪಟ್ಟಿಯ ಅಡಿಗೆ ಹೋಯಿತು. ಆಚೆ ಬದಿಯಲ್ಲಿ ಹೊರಗೆ ಬರಬೇಕಿತ್ತು. ಬರಲಿಲ್ಲ, ನಾನೇ ಎಳೆಯಲಿಲ್ಲ. 1533ರ ಜೂನ್ 25ಕ್ಕೆ ಮೇರಿ ತೀರಿಕೊಂಡಳು, ಸೆಪ್ಟೆಂಬರ್ 7ಕ್ಕೆ ಬ್ರ್ಯಾಂಡನ್ ತಾನೇ ಕ್ಯಾಥರೀನ್‌ಳನ್ನು ಮದುವೆಯಾದ. ಅವನಿಗೆ ಐವತ್ತರ ಹತ್ತಿರ, ಅವಳಿಗೆ ಹದಿನಾಲ್ಕು. ಅವನ ಮಗಳು ಫ್ರಾನ್ಸಿಸ್‌ಗೆ ಹದಿನಾರು, ಮಲತಾಯಿ ಮಗಳಿಗಿಂತ ಎರಡು ವರ್ಷ ಚಿಕ್ಕವಳು. ಬಂಗಾರದ ಪಟ್ಟಿ ಮುಗಿದ ಜಾಗಕ್ಕೂ ಹೊಸ ಅಡ್ಡಗೆರೆಗೂ ನಡುವೆ ಒಂದೂವರೆ ಮಿಲಿಮೀಟರ್. ಮರುವರ್ಷ ಮಾರ್ಚ್‌ನಲ್ಲಿ ಹೆನ್ರಿಯ ಪಟ್ಟಿಯೂ ನಿಂತಿತು. ಇದೇ ಸಂಗತಿಯನ್ನು ಪುಸ್ತಕಗಳಲ್ಲಿ ಹತ್ತು ಸಲ ಓದಿದ್ದೆ, ಹೊಟ್ಟೆಯಲ್ಲಿ ಹೀಗೆ ಸಂಕಟ ಆಗಿರಲಿಲ್ಲ.

ಬ್ರ್ಯಾಂಡನ್‌ನ ಮಕ್ಕಳಲ್ಲಿ ಮೂವರು ಹೆನ್ರಿಗಳು, ಮೂವರಿಗೂ ಅರಸನ ಹೆಸರೇ. ಮೊದಲನೆಯವನು 1516ರಲ್ಲಿ ಹುಟ್ಟಿ ಆರು ವರ್ಷ ಬದುಕಿದ. ಮೂರನೆಯವನು ಕ್ಯಾಥರೀನ್‌ಳ ಮಗ, 1535ರಲ್ಲಿ ಹುಟ್ಟಿದವನು. ಅವನ ತಮ್ಮ ಚಾರ್ಲ್ಸ್. ಈ ಅಣ್ಣತಮ್ಮಂದಿರ ಅಂಗೈಯಗಲದ ಚಿತ್ರಗಳನ್ನು ಅರಮನೆಯ ಚಿತ್ರಕಾರ ಹೋಲ್ಬೈನ್ ಬರೆದಿದ್ದಾನೆ. ಇವರ ಪಟ್ಟಿಗಳ ತುದಿಗೇ ನಾಲ್ಕು ದಿನ ಹಿಡಿಯಿತು. ಡ್ಯೂಕ್ ಪದವಿ ಇದ್ದಷ್ಟು ಕಾಲ ಪಟ್ಟಿಗೆ ಕೆಂಪು ಅಂಚು, ಅದು ನನ್ನ ನಿಯಮ. ತಂದೆಗೆ 1514ರ ಫೆಬ್ರವರಿ 1ರಿಂದ, ಹೆನ್ರಿಗೆ 1545ರಿಂದ. ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಹುಡುಗರು ಬೆವರು ಜ್ವರ ಎಂಬ ಸಾಂಕ್ರಾಮಿಕಕ್ಕೆ ಹೆದರಿ ಬಕ್ಡನ್‌ನ ಬಿಷಪ್ ಅರಮನೆಗೆ ಓಡಿದರು. 1551ರ ಜುಲೈ 14ರಂದು ಅಲ್ಲೇ ಹೆನ್ರಿ ಹೋದ, ಒಂದು ಗಂಟೆಯೊಳಗೆ ತಮ್ಮನೂ ಹೋದ. ಅಷ್ಟು ಹೊತ್ತು ತಮ್ಮ ಮೂರನೇ ಡ್ಯೂಕ್. ಒಂದು ಗಂಟೆಗೆ ನನ್ನ ಅಳತೆಯಲ್ಲಿ ಮಿಲಿಮೀಟರಿನ ಸಾವಿರದ ಒಂದು ಭಾಗವೂ ಇಲ್ಲ. ಯಾವ ನಿಬ್ಬು ಅದನ್ನು ಬರೆದೀತು? ಚುಕ್ಕಿ ಇಟ್ಟು ನೋಡಿದೆ, ಒಂದು ವಾರದಷ್ಟು ಅಗಲವಾಯಿತು. ಕೊನೆಗೆ ಇಬ್ಬರ ತುದಿಯನ್ನೂ ಒಂದೇ ಕೆಂಪು ಗೆರೆಯಿಂದ ಮುಚ್ಚಿದೆ. ಇಡೀ ಪಟದಲ್ಲಿ ಕೆಂಪು ಅಡ್ಡಕ್ಕೆ ಹರಿಯುವುದು ಅಲ್ಲಿ ಮಾತ್ರ.

ಅಳತೆಗೋಲು ಇನ್ನೊಂದನ್ನು ತೋರಿಸಿಕೊಟ್ಟಿತು. ವಿಲಿಯಂ ಬಾಸ್‌ವರ್ತ್‌ನಲ್ಲಿ ಸತ್ತದ್ದು 1485ರ ಆಗಸ್ಟ್ 22. ಚಾರ್ಲ್ಸ್ ಗಿಲ್ಡ್‌ಫರ್ಡ್‌ನಲ್ಲಿ ಸತ್ತದ್ದು 1545ರ ಆಗಸ್ಟ್ 22. ಸ್ಕೇಲ್ ಇಟ್ಟರೆ ಸರಿಯಾಗಿ 480 ಮಿಲಿಮೀಟರ್, ಒಂದು ಕೂದಲೂ ಆಚೀಚೆ ಇಲ್ಲ. ಅರಸ ತನ್ನ ಖರ್ಚಿನಲ್ಲೇ ಗೆಳೆಯನನ್ನು ವಿಂಡ್ಸರ್‌ನ ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ ಮಣ್ಣು ಮಾಡಿಸಿದ.

ಬಾಕಿ ಇರುವುದು ಬಲ ಅಂಚು. ಫ್ರಾನ್ಸಿಸ್‌ಳ ಮಗಳು ಜೇನ್ ಗ್ರೇ 1553ರ ಜುಲೈನಲ್ಲಿ ಒಂಬತ್ತು ದಿನ ರಾಣಿ. ಒಂಬತ್ತು ದಿನ ಅಂದರೆ 0.2 ಮಿಲಿಮೀಟರ್, 0.2ರ ಟೆಕ್ನಿಕಲ್ ಪೆನ್ನಿನ ಒಂದೇ ಎಳೆತ! ಲೆಕ್ಕ ಹಾಕಿ ನೋಡಿದಾಗ ಮೈ ಜುಂ ಎಂದಿತು. ರಾಣಿ ಅಂದ ಮೇಲೆ ಅದೂ ಬಂಗಾರವೇ ಆಗಬೇಕು. ರೇಕನ್ನು ಅಷ್ಟು ಸಣ್ಣಗೆ ಕತ್ತರಿಸಲಾಗದು, ಚಿನ್ನದ ಪುಡಿಯನ್ನು ಗೋಂದಿನಲ್ಲಿ ಅರೆದರೆ ಆ ಪೆನ್ನಿನ ಬಾಯಿ ಕಟ್ಟಿಕೊಳ್ಳುತ್ತದೆ. ಒಂದೇ ಕೂದಲಿನ ಕುಂಚದಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಯಾರಾದರೂ ಇಷ್ಟು ತೆಳುವಾಗಿ ಚಿನ್ನದ ಗೆರೆ ಎಳೆದಿದ್ದರೆ ಗೋಂದಿನ ಪ್ರಮಾಣ ಹೇಳಿ.

ಕ್ಯಾಥರೀನ್ ಮಾತ್ರ ಹಾಳೆಯಲ್ಲಿ ಹಿಡಿಸುವುದಿಲ್ಲ. ಅವಳು ಬದುಕಿದ್ದು 1580ರವರೆಗೆ, 1559ರ ಕೆಳಗೆ ಇನ್ನೂ 17 ಸೆಂಟಿಮೀಟರ್ ಬೇಕು. ಗಂಡ ಸತ್ತ ಮೇಲೆ ತನ್ನ ಮನೆಯಲ್ಲೇ ಕೆಲಸಕ್ಕಿದ್ದ ರಿಚರ್ಡ್ ಬರ್ಟಿಯನ್ನು ತಾನೇ ಮೆಚ್ಚಿ ಮದುವೆಯಾದಳು. ತನಗಾಗದ ಕ್ಯಾಥೊಲಿಕ್ ಬಿಷಪ್ ಗಾರ್ಡಿನರ್‌ನ ಹೆಸರನ್ನು ತನ್ನ ನಾಯಿಗೆ ಇಟ್ಟವಳು! 8ನೇ ಹೆನ್ರಿಯ ಮಗಳು, ಕ್ಯಾಥೊಲಿಕ್ ಮೇರಿ ರಾಣಿಯ ಕಾಲದಲ್ಲಿ ಪ್ರಾಟೆಸ್ಟಂಟರಿಗೆ ಉಳಿಗಾಲವಿಲ್ಲವೆಂದು 1555ರಲ್ಲಿ ಕೂಸನ್ನು ಎತ್ತಿಕೊಂಡು ದೇಶ ಬಿಟ್ಟಳು. ಜರ್ಮನಿಯ ವೇಸೆಲ್ ಊರಿನಲ್ಲಿ ಮಗ ಪೆರಿಗ್ರಿನ್ ಹುಟ್ಟಿದ. ಅಲ್ಲಿಂದ ಪೋಲೆಂಡಿನ ಅರಸನ ಆಶ್ರಯಕ್ಕೆ, 1559ರಲ್ಲಿ ಮರಳಿ ಇಂಗ್ಲೆಂಡಿಗೆ. ಮುಂದಿನ ಕೆಲಸ ಅವಳದ್ದೇ, ಉದ್ದನೆಯ ಸುರುಳಿಯಲ್ಲಿ ಆ ದಾರಿಯ ನಕ್ಷೆ. ಕಾಗದ ತರಿಸಿಯಾಗಿದೆ. ಈ ಪಟದಲ್ಲಿ ಅವಳ ಪಟ್ಟಿಗೆ ಕೊನೆಯ ಗೆರೆ ಹಾಕಿಲ್ಲ, ಹಾಳೆಯ ಕೆಳ ಅಂಚಿನವರೆಗೆ ಬಣ್ಣ ತುಂಬಿ ಹಾಗೇ ಬಿಟ್ಟಿದ್ದೇನೆ. ಸುರುಳಿ ಅಲ್ಲಿಂದಲೇ ಶುರು.