ಕೇರಂ ಕಾಯಿನ್ ಇಟ್ಟುಕೊಂಡು ಹರಪ್ಪ ಪಾಠ

ಎರಡು ವರ್ಷದ ಹಿಂದೆ ಎಂ.ಎ. ಮೊದಲ ಸೆಮಿಸ್ಟರಿನ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಮೊಹೆಂಜೊದಾರೊ ಬಗ್ಗೆ ಹತ್ತು ಅಂಕದ ಪ್ರಶ್ನೆ. ಒಬ್ಬರು ಬರೆದಿದ್ದರು: ‘ಊರಿನ ಮುಖ್ಯ ಬೀದಿಯಲ್ಲಿ ನರ್ತಕಿಯ ದೊಡ್ಡ ಕಂಚಿನ ಪ್ರತಿಮೆ ನಿಲ್ಲಿಸಿದ್ದರು.’ ನಕ್ಕು ಒಂದು ಅಂಕ ಕಳೆದೆ. ಮುಂದಿನ ಕಟ್ಟಿನಲ್ಲಿ ಇನ್ನೊಬ್ಬರು ಅದೇ ಪ್ರತಿಮೆಯನ್ನು ಸ್ನಾನದ ಕೊಳದ ಪಕ್ಕ ನಿಲ್ಲಿಸಿದ್ದರು. ಮೂರನೆಯವರು ‘ಆಳೆತ್ತರದ ನರ್ತಕಿ’ ಅಂತಲೇ ಬರೆದಾಗ ನನ್ನ ನಗು ನಿಂತಿತು. ಮೂರೂ ಬೇರೆ ಬೇರೆ ಪರೀಕ್ಷಾ ಕೇಂದ್ರದ ಪತ್ರಿಕೆಗಳು. ಕಾಪಿ ಹೊಡೆದಿರೋಕೆ ಸಾಧ್ಯವಿಲ್ಲ. ಮೂವರೂ ನೋಡಿದ್ದು ಮಾತ್ರ ಒಂದನ್ನೇ, ನನ್ನ ಆನ್‌ಲೈನ್ ಪಾಠದ ವಿಡಿಯೊ.

ಆ ನರ್ತಕಿಯ ಎತ್ತರ 10.5 ಸೆಂಟಿಮೀಟರ್. ನಿಮ್ಮ ಜೇಬಿನ ಬಾಲ್ ಪೆನ್ನಿಗಿಂತ ಗಿಡ್ಡ.

ರಾತ್ರಿ ಊಟ ಮುಗಿಸಿ ನನ್ನ ಪಾಠವನ್ನು ನಾನೇ ಕೂತು ನೋಡಿದೆ. ಸ್ವಂತ ಧ್ವನಿ ಕೇಳುವುದು ಎಷ್ಟು ಹಿಂಸೆ ಅಂತ ರೆಕಾರ್ಡಿಂಗ್ ಮಾಡಿದವರಿಗೆಲ್ಲ ಗೊತ್ತು, ಹಾಗಾಗಿ ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಹದಿನೇಳನೇ ನಿಮಿಷದಲ್ಲಿ ನರ್ತಕಿ ಬಂದಳು. ಪರದೆಯ ತುಂಬ ಅವಳೇ. ಹಿಂದಿನಿಂದ ನನ್ನ ದನಿ: ‘ನೋಡಿ, ಇಷ್ಟೇ ಇಷ್ಟಿದ್ದಾಳೆ!’ ಆಗ ನಾನು ಹೆಬ್ಬೆರಳು, ತೋರುಬೆರಳು ಅಗಲಿಸಿ ತೋರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಇಪ್ಪತ್ತು ವರ್ಷದಿಂದ ಕ್ಲಾಸಿನಲ್ಲಿ ಹಾಗೇ ತೋರಿಸುತ್ತಾ ಬಂದಿದ್ದೇನೆ. ಆದರೆ ಆ ಹೊತ್ತಿಗೆ ಕ್ಯಾಮೆರಾ ನನ್ನನ್ನು ಬಿಟ್ಟು ಸ್ಲೈಡಿಗೆ ಹೋಗಿತ್ತು. ವಿದ್ಯಾರ್ಥಿಗೆ ಕೇಳಿಸಿದ್ದು ‘ಇಷ್ಟು’, ಕಂಡದ್ದು ಪೂರ್ತಿ ಪರದೆ. ಆಳೆತ್ತರ ಅಂದುಕೊಳ್ಳದೆ ಇನ್ನೇನು ಮಾಡುತ್ತಾರೆ? ಕಳೆದ ಅಂಕಗಳನ್ನು ವಾಪಸ್ ಕೊಟ್ಟೆ.

ಮುಂದಿನ ಸ್ಲೈಡುಗಳೂ ಅದೇ ಕಥೆ. ‘ಪುರೋಹಿತ ರಾಜ’ ಅಂತ ಕರೆಯುವ ಕಲ್ಲಿನ ಮೂರ್ತಿ ನಿಜಕ್ಕೂ 17.5 ಸೆಂಟಿಮೀಟರ್, ಒಂದು ಗೇಣೂ ಇಲ್ಲ. ಹರಪ್ಪದ ಚೌಕಾಕಾರದ ಮುದ್ರೆ ಸಾಮಾನ್ಯವಾಗಿ ಎರಡೂವರೆ, ಮೂರು ಸೆಂಟಿಮೀಟರ್. ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಶಾಸನದ ಕಪ್ಪು ಕಲ್ಲು 2.25 ಮೀಟರ್, ನಮ್ಮ ಮನೆ ಬಾಗಿಲಿನ ಚೌಕಟ್ಟಿಗಿಂತ ಎತ್ತರ. ನನ್ನ ವಿಡಿಯೊದಲ್ಲಿ ಈ ನಾಲ್ಕೂ ಒಂದೇ ಅಳತೆ. ಅಕ್ಕಪಕ್ಕ ನಿಲ್ಲಿಸಿದರೆ ಅಣ್ಣ ತಮ್ಮಂದಿರ ಹಾಗೆ ಕಾಣುತ್ತಿದ್ದವು.

ಉಲ್ಟಾ ತಪ್ಪೂ ಇತ್ತು. ಗುಜರಾತಿನಲ್ಲಿರುವ ಹರಪ್ಪ ಕಾಲದ ಊರು ಲೋಥಲ್ ಅನ್ನು ಅಗೆಸಿದವರು ನಮ್ಮವರೇ ಆದ ಶಿಕಾರಿಪುರ ರಂಗನಾಥ ರಾವ್. ಅಲ್ಲಿಯ ಇಟ್ಟಿಗೆ ಕಟ್ಟೆಯನ್ನು ಅವರು ಹಡಗುಕಟ್ಟೆ ಅಂದರು, ಅಲ್ಲ ಅದು ನೀರಿನ ಕೆರೆ ಅನ್ನುವವರೂ ಇದ್ದಾರೆ. ಆ ಜಗಳ ನಾನು ಚೆನ್ನಾಗಿಯೇ ವಿವರಿಸಿದ್ದೆ. ಆದರೆ ಕಟ್ಟೆಯ ಉದ್ದ 210 ಮೀಟರಿಗೂ ಜಾಸ್ತಿ, ಎರಡು ಫುಟ್‌ಬಾಲ್ ಮೈದಾನ ಉದ್ದಕ್ಕೆ ಜೋಡಿಸಿದಷ್ಟು ಅಂತ ಹೇಳಿರಲಿಲ್ಲ. ಫೋಟೊದಲ್ಲಿ ಅದು ದೇವಸ್ಥಾನದ ಕಲ್ಯಾಣಿ ಥರ ಕಾಣುತ್ತದೆ. ಕಲ್ಯಾಣಿಗೆ ಹಡಗು ಬರುತ್ತಾ ಅಂತ ಯಾರಾದರೂ ಕೇಳಿದ್ದರೆ ತಪ್ಪು ಅವರದಲ್ಲ.

ಆನ್‌ಲೈನ್ ಕೋರ್ಸ್ ಅಂದರೆ ನಮ್ಮಲ್ಲಿ ನಾಲ್ಕು ಭಾಗ. 2017ರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ ‘ಸ್ವಯಂ’ ಶುರುವಾದಾಗಿನಿಂದ ಅದೇ ಪದ್ಧತಿ: ವಿಡಿಯೊ, ಓದುವ ಪಠ್ಯ, ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಚರ್ಚೆ. ಪಠ್ಯವನ್ನು ಒಂದು ಸಂಜೆಯಲ್ಲಿ ತಿದ್ದಬಹುದು. ವಿಡಿಯೊ ತಿದ್ದಬೇಕಾದರೆ ಸ್ಟುಡಿಯೊ ಖಾಲಿ ಇರಬೇಕು, ಅನುಮತಿ ಬೇಕು, ಒಂದು ಕಡತ ಮೂರು ಟೇಬಲ್ ದಾಟಬೇಕು. ನನಗೆ ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಇನ್ನೊಂದು ಬ್ಯಾಚು ಆಳೆತ್ತರದ ನರ್ತಕಿಯನ್ನೇ ನೋಡಿಕೊಂಡು ಹೋಯಿತು.

ಎರಡನೇ ಸಲ ಸ್ಟುಡಿಯೊಗೆ ಹೋದಾಗ ಬ್ಯಾಗಿನಲ್ಲಿ ಒಂದು ಕೇರಂ ಕಾಯಿನ್, ಒಂದು ಬಾಲ್ ಪೆನ್ನು, ಒಂದು ಟೈಲರ್ ಟೇಪು ಇದ್ದವು. ರೆಕಾರ್ಡಿಂಗ್ ಮಾಡುವ ಹುಡುಗ ನೋಡಿ, ‘ಮೇಡಂ, ಇವತ್ತು ಇತಿಹಾಸಾನಾ, ಹೊಲಿಗೆ ಕ್ಲಾಸಾ?’ ಅಂದ. ಕೈ ಫ್ರೇಮಿನಿಂದ ಆಚೆ ಹೋಗದ ಹಾಗೆ ನೋಡಿಕೊಳ್ಳಪ್ಪಾ, ಮಿಕ್ಕದ್ದು ನನಗೆ ಬಿಡು ಅಂದೆ. ಕಾಯಿನ್ ಅನ್ನು ಅಂಗೈಯಲ್ಲಿಟ್ಟು, ಹರಪ್ಪದ ಮುದ್ರೆ ಇಷ್ಟು, ಇದರೊಳಗೆ ಡುಬ್ಬದ ಗೂಳಿ, ಅದರ ಗಂಗೆದೊಗಲಿನ ಮಡಿಕೆ, ಮೇಲೊಂದು ಸಾಲು ಲಿಪಿ, ಎಲ್ಲವನ್ನೂ ಕೆತ್ತಿದ್ದಾರೆ ಅಂದೆ. ಅಷ್ಟು ಹೇಳುವಾಗ ನನಗೇ ಮೈ ಜುಂ ಅಂದಿತು. ಎಷ್ಟು ವರ್ಷ ಪಾಠ ಮಾಡಿದ್ದೆ, ಆ ಕೆತ್ತುವವನ ಕಣ್ಣಿನ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಟೇಪು ಕಾಲಕ್ಕೆ. ಜಾಗದ ಅಳತೆ ಹೇಗೆ ಕಳೆದುಹೋಗುತ್ತದೋ ಕಾಲದ ಅಳತೆಯೂ ಹಾಗೇ. ‘ಹರಪ್ಪದ ಜನರು ಹೀಗೆ ಮಾಡುತ್ತಿದ್ದರು’ ಅಂತ ಬರೆಯುವಾಗ ಅವರೆಲ್ಲ ಒಂದೇ ಬೀದಿಯಲ್ಲಿ, ಒಂದೇ ತಲೆಮಾರಿನಲ್ಲಿ ಇದ್ದರು ಅನ್ನುವ ಹಾಗೆ ಬರೆಯುತ್ತಾರೆ. ಟೈಲರ್ ಟೇಪು 60 ಇಂಚು. ಒಂದು ಇಂಚಿಗೆ ನೂರು ವರ್ಷ ಅಂತಿಟ್ಟುಕೊಂಡರೆ ಆರು ಸಾವಿರ ವರ್ಷ. ಟೇಪಿನ ತುದಿ ಕ್ರಿ.ಪೂ. 4000, ಇನ್ನೊಂದು ತುದಿ ಕ್ರಿ.ಶ. 2000. ಮೆಸೊಪೊಟೇಮಿಯಾದ, ಅಂದರೆ ಇವತ್ತಿನ ಇರಾಕ್ ಕಡೆಯ, ಉರುಕ್ ನಗರದಲ್ಲಿ ಜೇಡಿಮಣ್ಣಿನ ಹಲಗೆಯ ಮೇಲೆ ಲೆಕ್ಕ ಬರೆಯೋಕೆ ಶುರು ಮಾಡಿದ್ದು ಏಳನೇ ಇಂಚಿನ ಆಚೀಚೆ. ಹರಪ್ಪದ ದೊಡ್ಡ ನಗರಗಳು ಕ್ರಿ.ಪೂ. 2600ರಿಂದ 1900, ಅಂದರೆ 14ನೇ ಇಂಚಿನಿಂದ 21ರವರೆಗೆ. ಅಶೋಕ 37 ದಾಟಿದ ಮೇಲೆ. ಹಲ್ಮಿಡಿ ಶಾಸನ 44 ದಾಟಿದ ಮೇಲೆ. ವಿಜಯನಗರ ಸ್ಥಾಪನೆಯಾದ 1336 ಬರೋದು 53ರ ಹತ್ತಿರ. ನಾವು ಇರೋದು ಟೇಪು ಮುಗಿದು ಕಾಲು ಇಂಚು ಆಚೆ, ಗಾಳಿಯಲ್ಲಿ.

ಹರಪ್ಪದ ನಗರಗಳಿಗೆ ಏಳು ಇಂಚು. ವಿಜಯನಗರ ಶುರುವಾಗಿ ಇವತ್ತಿಗೆ ಏಳು ಇಂಚು ಇನ್ನೂ ಆಗಿಲ್ಲ. ಭಾನುವಾರದ ಲೈವ್ ಕ್ಲಾಸಿನಲ್ಲಿ ಈ ಮಾತು ಹೇಳಿದಾಗ ಯಾವತ್ತೂ ಮೈಕ್ ಆನ್ ಮಾಡದ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ಆನ್ ಮಾಡಿ ಕೇಳಿದರು, ‘ಹಾಗಾದ್ರೆ ಹಕ್ಕ ಬುಕ್ಕರಿಂದ ಇವತ್ತಿನವರೆಗೆ ಕರ್ನಾಟಕದ ಜನ ಹೀಗೆ ಮಾಡ್ತಿದ್ರು ಅಂತ ಒಂದೇ ವಾಕ್ಯದಲ್ಲಿ ಬರೆದಂಗೆ ಆಯ್ತಲ್ವಾ ಮೇಡಂ?’ ಹೌದು ಸರ್, ಹಂಗೇ ಆಯ್ತು ಅಂದೆ. ಅವರ ಅಸೈನ್‌ಮೆಂಟಿನಲ್ಲಿ ಆಮೇಲೆ ‘ಯಾವ ಕಾಲದಲ್ಲಿ?’ ಅಂತ ಅವರೇ ಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡದ್ದು ಸ್ಕ್ಯಾನಿನಲ್ಲಿ ಕಂಡಿತು.

ಇಷ್ಟಾದ ಮೇಲೆ ನನಗೊಂದು ಆಸೆ ಹುಟ್ಟಿತು. ಫೋನ್ ಪರದೆ ಚಿಕ್ಕದು ಅಂತ ಗೊಣಗುತ್ತೇವಲ್ಲ, ಆ ಚಿಕ್ಕ ಪರದೆಗೆ ಸರಿಯಾಗಿ ಹೊಂದುವ ವಸ್ತು ಇಲ್ಲವೇ? ಇದೆ. ಮೆಸೊಪೊಟೇಮಿಯಾದ ಮಣ್ಣಿನ ಪತ್ರ. ಕ್ರಿ.ಪೂ. 1750ರ ಸುಮಾರಿಗೆ ಉರ್ ನಗರದಲ್ಲಿ ಎಆ-ನಾಸಿರ್ ಅಂತ ಒಬ್ಬ ತಾಮ್ರದ ವ್ಯಾಪಾರಿ. ನನ್ನಿ ಅನ್ನುವ ಗಿರಾಕಿ ಅವನಿಗೆ ಬರೆಸಿದ ದೂರಿನ ಪತ್ರ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಎತ್ತರ 11.6 ಸೆಂಟಿಮೀಟರ್, ಅಗಲ 5. ಮೊಬೈಲಿಗಿಂತ ಚಿಕ್ಕದು. ಚಿತ್ರ ಕಳಿಸಿ, ಪರದೆಯ ಪಕ್ಕ ಸ್ಕೇಲ್ ಇಟ್ಟುಕೊಂಡು ಬೆರಳಿನಲ್ಲಿ ಹಿಗ್ಗಿಸಿ ಕುಗ್ಗಿಸಿ 11.6ಕ್ಕೆ ನಿಲ್ಲಿಸಿ ಅಂದೆ. ನಿಲ್ಲಿಸಿದ ಮೇಲೆ ಫೋನನ್ನು ಸುಮ್ನೆ ಅಂಗೈಯಲ್ಲಿ ಹಿಡಿದು ನೋಡಿ. ಪತ್ರ ಓದುವವನೂ ಸುಮಾರು ಹೀಗೇ ಹಿಡಿದಿದ್ದ.

ಪತ್ರದ ಸಾರ ಇಷ್ಟು. ಒಳ್ಳೆಯ ತಾಮ್ರದ ಗಟ್ಟಿ ಕೊಡುತ್ತೇನೆ ಅಂತ ಮಾತು ಕೊಟ್ಟು, ನನ್ನ ಆಳು ಬಂದಾಗ ಕಳಪೆ ಮಾಲು ಮುಂದಿಟ್ಟೆ. ಬೇಕಾದರೆ ತಗೋ, ಬೇಡವಾದರೆ ಹೋಗು ಅಂದೆ. ನನ್ನ ಆಳುಗಳು ಶತ್ರುಗಳ ಸೀಮೆ ದಾಟಿ ನಿನ್ನ ಹತ್ತಿರ ಬಂದು ಬರಿಗೈಯಲ್ಲಿ ವಾಪಸಾದರು. ನನ್ನನ್ನು ಏನಂದುಕೊಂಡಿದ್ದೀಯ? ಇನ್ನು ಮುಂದೆ ನನ್ನ ಅಂಗಳದಲ್ಲೇ ಒಂದೊಂದೇ ಗಟ್ಟಿ ನೋಡಿ ಆರಿಸಿಕೊಳ್ಳುತ್ತೇನೆ. ಸಿಟ್ಟು ಒಂದೇ ಬದಿಯಲ್ಲಿ ಹಿಡಿಸದೆ ಹಲಗೆಯ ಹಿಂಬದಿಗೂ ಹೋಗಿದೆ. 1922ರಿಂದ 1934ರವರೆಗೆ ಉರ್ ಅನ್ನು ಅಗೆಸಿದ ಲಿಯೊನಾರ್ಡ್ ವೂಲಿಗೆ, ಆ ವ್ಯಾಪಾರಿಯದೇ ಇರಬೇಕು ಅನ್ನಿಸಿದ ಮನೆಯಲ್ಲಿ ಇಂಥ ದೂರು ಇನ್ನೂ ಸಿಕ್ಕವು.

ಬೆಂಗಳೂರಿನಲ್ಲಿ ಕಸ್ಟಮರ್ ಕೇರ್ ಕೆಲಸ ಮಾಡುವ ಒಬ್ಬ ವಿದ್ಯಾರ್ಥಿನಿ, ‘ಮೇಡಂ, ಇದು ನನಗೆ ದಿನಾ ಬರೋ ಫೋನು’ ಅಂದಳು. ಆ ಒಂದು ಗಂಟೆಯಲ್ಲಿ ಕಂಚಿಗೆ ತಾಮ್ರ ಎಲ್ಲಿಂದ, ಮಗನ್ ಅಂದರೆ ಇವತ್ತಿನ ಒಮಾನ್ ಕಡೆ, ದಿಲ್ಮುನ್ ಅಂದರೆ ಬಹ್ರೇನ್ ಕಡೆ, ಮೆಲುಹ್ಹ ಅಂದರೆ ಬಹುಶಃ ನಮ್ಮ ಸಿಂಧೂ ಕಡೆ, ಮೆಸೊಪೊಟೇಮಿಯಾದ ಅಕ್ಕಾಡಿನ ರಾಜ ಸರ್ಗೋನ್ ಈ ಮೂರೂ ನಾಡಿನ ಹಡಗುಗಳು ತನ್ನ ಕಟ್ಟೆಗೆ ಬಂದವು ಅಂತ ಕೊಚ್ಚಿಕೊಂಡದ್ದು, ಎಲ್ಲ ತಾನಾಗಿಯೇ ಬಂತು. ಮೊದಲು ಇದನ್ನೇ ‘ವ್ಯಾಪಾರ ಮತ್ತು ವಾಣಿಜ್ಯ’ ಅಂತ ತಲೆಬರಹ ಹಾಕಿ ಹೇಳುತ್ತಿದ್ದೆ. ಅದನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡುತ್ತಿದ್ದರು ಅಂತ ಆಮೇಲೆ ತಿಳಿಯಿತು. ಬೇಜಾರಿಲ್ಲ, ನಾನೂ ಓಡಿಸುತ್ತಿದ್ದೆ.

ಬರೆಯುವುದನ್ನೂ ಮಾಡಿಸಿದೆ. ಗೋಧಿ ಹಿಟ್ಟು ಗಟ್ಟಿಯಾಗಿ ಕಲಸಿ, ಐಸ್‌ಕ್ರೀಮ್ ಕಡ್ಡಿಯನ್ನು ಚೌಕವಾಗಿ ಕತ್ತರಿಸಿ ಅದರ ಮೂಲೆಯನ್ನು ಒತ್ತಿ ನೋಡಿ ಅಂದೆ. ಗೀಚಬಾರದು, ಒತ್ತಬೇಕು. ಆಗಲೇ ಆ ಮಣ್ಣಿನ ಪತ್ರದ ಲಿಪಿಯಲ್ಲಿರುವ ಮೊಳೆಯ ಆಕಾರ ಬರುವುದು. ಮಂಡ್ಯದ ಕಡೆಯವರೊಬ್ಬರು ಮಿಕ್ಕ ರಾಗಿ ಮುದ್ದೆಯಲ್ಲಿ ಪ್ರಯತ್ನಿಸಿ, ಕಡ್ಡಿಗೆ ಅಂಟಿದ ಮುದ್ದೆಯ ಫೋಟೊ ಕಳಿಸಿದರು. ಮುದ್ದೆಯಲ್ಲಿ ನಾಗರಿಕತೆ ಹುಟ್ಟುತ್ತಿರಲಿಲ್ಲ ಮೇಡಂ ಅಂತ ಕೆಳಗೆ ಬರೆದಿದ್ದರು. ಇನ್ನೊಬ್ಬರ ಹಿಟ್ಟು ಮೂರನೇ ದಿನಕ್ಕೆ ಒಣಗಿ ಬಿರಿಯಿತು. ಮತ್ತೊಬ್ಬರು ಕೆರೆಮಣ್ಣು ತಂದು ಬರೆದು ಒಲೆಯಲ್ಲಿ ಸುಟ್ಟರು, ಅದು ಕಲ್ಲಿನ ಹಾಗಾಯಿತು. ಮೆಸೊಪೊಟೇಮಿಯಾದಲ್ಲೂ ಹೆಚ್ಚಿನ ಹಲಗೆಗಳನ್ನು ಸುಡುತ್ತಿರಲಿಲ್ಲ, ಬಿಸಿಲಿಗೆ ಒಣಗಿಸುತ್ತಿದ್ದರು ಅಷ್ಟೇ. ಊರಿಗೆ ಬೆಂಕಿ ಬಿದ್ದಾಗ ಎಷ್ಟೋ ಹಲಗೆಗಳು ಬೆಂದು ಗಟ್ಟಿಯಾಗಿ ಉಳಿದವು. ಅರಮನೆ ಸುಟ್ಟಿತು, ಅರಮನೆಯ ಲೆಕ್ಕ ಉಳಿಯಿತು. ಇದನ್ನು ನಾನು ಹೇಳುವ ಮೊದಲೇ ಒಲೆಯಲ್ಲಿ ಸುಟ್ಟವರು ಊಹಿಸಿದ್ದರು.

ಎಲ್ಲವೂ ಸರಿಯಾಯಿತು ಅಂತಲ್ಲ. ಕರೆಂಟ್ ಹೋದರೆ ಅರ್ಧ ಕ್ಲಾಸ್ ಮಾಯ. ಮುಖ ಕಾಣದೆ ಮಾತಾಡುವ ಕಷ್ಟ ಇವತ್ತಿಗೂ ಇದೆ. ನನ್ನ ಹಳೆಯ ವಿಡಿಯೊವನ್ನು ಯಾರೋ ಇಳಿಸಿಕೊಂಡು ಹಂಚಿದ್ದಾರೆ, ಆಳೆತ್ತರದ ನರ್ತಕಿ ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಇನ್ನೂ ಓಡಾಡುತ್ತಿದ್ದಾಳೆ. ವರ್ಷಕ್ಕೆ ಒಂದಾದರೂ ಉತ್ತರ ಪತ್ರಿಕೆಯಲ್ಲಿ ಸಿಗುತ್ತಾಳೆ.

ಕಳೆದ ಸೆಮಿಸ್ಟರಿನಲ್ಲಿ ಬಳ್ಳಾರಿ ಕಡೆಯ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಟೇಪಿನ ಪಾಠ ಮುಗಿದ ಮೇಲೆ ಕೇಳಿದರು, ‘ಮೇಡಂ, ಆವಾಗ ನಮ್ಮ ಕಡೆ ಏನಿತ್ರೀ?’ ಒಳ್ಳೆಯ ಪ್ರಶ್ನೆ. ಟೇಪಿನಲ್ಲಿ ಹತ್ತನೇ ಇಂಚಿನಿಂದ ಹೆಚ್ಚು ಕಡಿಮೆ 28ರವರೆಗೆ ನಮ್ಮಲ್ಲಿ ದನ ಸಾಕುವವರ ಹಳ್ಳಿಗಳಿದ್ದವು. ಸಗಣಿ ರಾಶಿ ಹಾಕಿ, ಮತ್ತೆ ಮತ್ತೆ ಸುಟ್ಟು, ಅದು ದಿಬ್ಬವಾಗಿ ನಿಂತಿದೆ. ಬೂದಿ ದಿಬ್ಬ. ಕುಡತಿನಿಯಲ್ಲಿದೆ, ಕಪ್ಪಗಲ್ಲಿನಲ್ಲಿದೆ, ಸುರಪುರ ಕಡೆಯ ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅಗೆಸಿ ನೋಡಿದ್ದಾರೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಅಂತ ಜನ ಹೇಳುತ್ತಾರೆ. ಸಂಗನಕಲ್ಲಿನ ಗುಡ್ಡದಲ್ಲಿ ಕಲ್ಲಿನ ಕೊಡಲಿ ಮಾಡುವ ಜಾಗವೇ ಇತ್ತು, ಕೊಡಲಿ ತಿಕ್ಕಿ ತಿಕ್ಕಿ ಬಂಡೆಯಲ್ಲಿ ಬಿದ್ದ ಗುಳಿಗಳು ಇವತ್ತೂ ಕಾಣುತ್ತವೆ. ಮೊಹೆಂಜೊದಾರೊದಲ್ಲಿ ಕೊಳ ಕಟ್ಟುವಾಗ ಇಲ್ಲಿ ದನ ಕಾಯುತ್ತಿದ್ದರು, ಕೊಡಲಿ ತಿಕ್ಕುತ್ತಿದ್ದರು ಅಂದೆ.

‘ಸಂಗನಕಲ್ಲು ನಮ್ಮ ತವರುಮನಿ ದಾರ್ಯಾಗ ಬರ್ತದ್ರೀ’ ಅಂದರು, ಅಷ್ಟೇ. ಎರಡು ವಾರದ ನಂತರ ಫೋನಿಗೆ ಒಂದು ಫೋಟೊ ಬಂತು. ಕಪ್ಪು ಬಂಡೆ, ಮೇಲೆ ನುಣುಪಾದ ಉದ್ದನೆಯ ಗುಳಿ, ಗುಳಿಯ ಅಂಚಿನಲ್ಲಿ ಒಂದು ಬಿಳಿ ಕೇರಂ ಕಾಯಿನ್. ಕೆಳಗೆ ಬರೆದಿದ್ದರು: ‘ಮಗನದು. ಸಂಜಿ ಒಳಗ ವಾಪಸ್ ಕೊಡಬೇಕು.’