ಎರಡೂವರೆ ಶಿಲ್ಲಿಂಗಿಗೆ ಹೋದ ಕೆಲಸ

ಇಂಗ್ಲಿಷ್ ನಾಟಕಕಾರ ಜೆ. ಬಿ. ಪ್ರೀಸ್ಟ್ಲಿಯವರ ನಾಟಕ ‘ಆನ್ ಇನ್ಸ್‌ಪೆಕ್ಟರ್ ಕಾಲ್ಸ್’ ರಂಗಕ್ಕೆ ಬಂದದ್ದು 1945ರಲ್ಲಿ, ಕಥೆ ನಡೆಯುವುದು 1912ರ ಇಂಗ್ಲೆಂಡಿನಲ್ಲಿ. ಬರ್ಲಿಂಗ್ ಎಂಬ ಧಣಿಯ ಕಾರ್ಖಾನೆಯಲ್ಲಿ ದುಡಿಯುವ ಇವಾ ಸ್ಮಿತ್ ಮತ್ತು ಜೊತೆಗಾರ್ತಿಯರಿಗೆ ವಾರಕ್ಕೆ ಸಿಗುತ್ತಿದ್ದದ್ದು ಇಪ್ಪತ್ತೆರಡೂವರೆ ಶಿಲ್ಲಿಂಗ್. 25 ಕೇಳಿ ಮುಷ್ಕರ ಹೂಡಿದ್ದಕ್ಕೆ ಬರ್ಲಿಂಗ್ ಅವಳನ್ನು ಕೆಲಸದಿಂದ ತೆಗೆದ. ಅವನ ಹೆಂಡತಿ ಇನ್ನೂ ಕ್ರೂರಿ: ದಾನಸಂಸ್ಥೆಯ ಸಮಿತಿಯಲ್ಲಿ ಕೂತು ಗರ್ಭಿಣಿಯಾದ ಇವಾಳಿಗೆ ನೆರವು ತಪ್ಪಿಸುತ್ತಾಳೆ.

ನಾಟಕ ಆಡಿಸುವವರು ಎಡವುವುದು ಇವಾಳ ಫೋಟೋ ತೋರಿಸುವಲ್ಲಿ. ಅವಳ ಸಾವಿನ ವಿಚಾರಣೆಗೆಂದು ಬರ್ಲಿಂಗನ ಮನೆಗೆ ಬರುವ ಇನ್ಸ್‌ಪೆಕ್ಟರ್ ಅದನ್ನು ಒಮ್ಮೆಗೆ ಒಬ್ಬರಿಗಷ್ಟೇ ತೋರಿಸಬೇಕು, ಉಳಿದವರಿಗೆ ಅಡ್ಡ ನಿಲ್ಲಬೇಕು. ಇನ್ನೊಬ್ಬರ ಕಣ್ಣಿಗೆ ಬಿತ್ತೋ, ಎಲ್ಲರೂ ನೋಡಿದ್ದು ಒಂದೇ ಫೋಟೋನಾ ಎಂದು ಕೊನೆಯ ಅಂಕದಲ್ಲಿ ಬರ್ಲಿಂಗನ ಭಾವೀ ಅಳಿಯ ಜೆರಾಲ್ಡ್ ಎತ್ತುವ ಅನುಮಾನಕ್ಕೆ ಬುಡವೇ ಇರದು. ಬೆಳಕು ಇನ್ಸ್‌ಪೆಕ್ಟರ್ ಬರುವತನಕ ನಸುಗುಲಾಬಿ, ಬಂದಮೇಲೆ ಪ್ರಖರ. ಬಾಗಿಲ ಗಂಟೆಯಂತೂ ‘ಅವರವರದು ಅವರವರು ನೋಡಿಕೊಳ್ಳಬೇಕು’ ಎನ್ನುವ ಬರ್ಲಿಂಗನ ಮಾತನ್ನು ಅರ್ಧಕ್ಕೇ ಕತ್ತರಿಸಬೇಕು. ಮಾತು ಮುಗಿದಮೇಲೆ ಬಾರಿಸಿದರೆ ಆ ಏಟೇ ತಪ್ಪಿಹೋಗುತ್ತದೆ.