ಅಷ್ಟು ದುಡ್ಡು ಕೊಟ್ಟಿದ್ದಾರೆ ಅಂದ್ರೆ ಅಷ್ಟು ಚೆನ್ನಾಗಿ ಆಡ್ತಾನಾ?

ನಾನು ಫುಟ್‌ಬಾಲ್ ನೋಡ್ತೀನಿ ಅಂತ ಗೊತ್ತಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. "ಇವನ ಮೇಲೆ ಅಷ್ಟೊಂದು ಕೋಟಿ ಸುರಿದಿದ್ದಾರಲ್ಲ, ನಿಜವಾಗ್ಲೂ ಅಷ್ಟು ಚೆನ್ನಾಗಿ ಆಡ್ತಾನಾ?" ಕೇಳುವವರ ದನಿಯಲ್ಲಿ ಅರ್ಧ ಕುತೂಹಲ, ಅರ್ಧ ಹೊಟ್ಟೆಉರಿ.

ಆಟ ಬರದವನಿಗೆ ಯಾರೂ ಸುಮ್ನೆ ದುಡ್ಡು ಕೊಡಲ್ಲ, ಅದನ್ನು ಮೊದಲೇ ಒಪ್ಪಿಬಿಡೋಣ. ಆದರೆ ಒಬ್ಬನ ಬೆಲೆ ಇನ್ನೊಬ್ಬನ ಮೂರರಷ್ಟಿದೆ ಅಂದ ಮಾತ್ರಕ್ಕೆ ಅವನ ಆಟವೂ ಮೂರು ಪಟ್ಟು ಮೇಲು ಅಂತ ಲೆಕ್ಕ ಹಾಕಬೇಡಿ. ಸಹಿ ಬೀಳುವ ದಿನ ಯಾರಿಗೆ ಯಾರ ಗರಜು ಜಾಸ್ತಿ ಇತ್ತು? ಆ ಮೊತ್ತದಲ್ಲಿ ಕಾಣುವುದು ಹೆಚ್ಚಾಗಿ ಅದೇ.

ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿನ ಇಬ್ಬರು ಗೋಲ್‌ಕೀಪರ್‌ಗಳ ಕಥೆ ನೋಡಿ. 2018ರ ಆಗಸ್ಟ್. ಕ್ಲಬ್ಬಿನ ಗೋಲ್‌ಕೀಪರ್ ಕೋರ್ಟ್ವಾ ರಿಯಲ್ ಮ್ಯಾಡ್ರಿಡ್‌ಗೆ ಹೊರಟು ನಿಂತಿದ್ದ. ಇಂಗ್ಲೆಂಡಿನಲ್ಲಿ ಆಟಗಾರರನ್ನು ಕೊಳ್ಳುವ ಬಾಗಿಲು ಮುಚ್ಚಲು ಒಂದೇ ದಿನ ಬಾಕಿ. ಚೆಲ್ಸಿ ಕಣ್ಣು ಹಾಕಿದ್ದು ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊ ಕ್ಲಬ್ಬಿನಲ್ಲಿದ್ದ 23 ವರ್ಷದ ಕೆಪಾ ಮೇಲೆ. ಸ್ಪೇನಿನ ಒಪ್ಪಂದಗಳಲ್ಲಿ ರಿಲೀಸ್ ಕ್ಲಾಸ್ ಅಂತ ಒಂದು ಸಾಲು ಇರುತ್ತದೆ. ಇಂತಿಷ್ಟು ಕಟ್ಟಿದರೆ ಆಟಗಾರ ಕ್ಲಬ್ ಬಿಟ್ಟು ಹೋಗಬಹುದು. ಅದೇ ವರ್ಷದ ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್ ಅವನ ಹಿಂದೆ ಬಿದ್ದಿತ್ತು, ಹಾಗಾಗಿ ಬಿಲ್ಬಾವೊ ಅವನಿಗೆ ಹೊಸ ಒಪ್ಪಂದ ಕೊಟ್ಟು ಆ ಸಂಖ್ಯೆಯನ್ನು 8 ಕೋಟಿ ಯೂರೋಗೆ ಏರಿಸಿಕೊಂಡು ಕೂತಿತ್ತು. ಚೌಕಾಸಿ ಮಾಡಲು ಚೆಲ್ಸಿಗೆ ಹೊತ್ತೇ ಇರಲಿಲ್ಲ. ಪೂರ್ತಿ ಕಟ್ಟಿತು. ಅವನು ಜಗತ್ತಿನ ಅತಿ ದುಬಾರಿ ಗೋಲ್‌ಕೀಪರ್ ಆದ, ಮೇಲಿಂದ ಏಳು ವರ್ಷದ ಒಪ್ಪಂದ.

ಈಗ ಇನ್ನೊಬ್ಬ, ಎಡುವಾರ್ ಮೆಂಡಿ. 2014ರಲ್ಲಿ ಫ್ರಾನ್ಸಿನ ಕೆಳ ದರ್ಜೆಯ ಶೆರ್ಬೂರ್ ಕ್ಲಬ್ಬಿನಲ್ಲಿ ಅವನ ಒಪ್ಪಂದ ಮುಗಿಯಿತು. ಸುಮಾರು ಒಂದು ವರ್ಷ ಯಾವ ಕ್ಲಬ್ಬೂ ಕರೆಯಲಿಲ್ಲ. ನಿರುದ್ಯೋಗಿ ಅಂತ ಹೆಸರು ಬರೆಸಿದ್ದ. ಆಮೇಲೆ ಮಾರ್ಸೆಯ ಮೀಸಲು ತಂಡ, ಅಲ್ಲಿಂದ ರೀಮ್ಸ್, ಅಲ್ಲಿಂದ ರೆನ್. 2020ರಲ್ಲಿ ಚೆಲ್ಸಿ ಅವನನ್ನು ತಂದಾಗ ಕೊಟ್ಟದ್ದು ಕೆಪಾ ಬೆಲೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆ ಋತುವಿನ ಚಾಂಪಿಯನ್ಸ್ ಲೀಗ್‌ನಲ್ಲಿ, ಅಂದ್ರೆ ಯುರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿಯಲ್ಲಿ, ಮೆಂಡಿ ಆಡಿದ 12 ಪಂದ್ಯಗಳಲ್ಲಿ 9ರಲ್ಲಿ ಒಂದೇ ಒಂದು ಗೋಲು ಬಿಟ್ಟುಕೊಡಲಿಲ್ಲ. 2021ರ ಮೇ 29ರಂದು ಪೋರ್ಟೊದ ಫೈನಲ್‌ನಲ್ಲಿ ಗೋಲಿನ ಮುಂದೆ ನಿಂತದ್ದು ಮೆಂಡಿ. 8 ಕೋಟಿಯ ಕೆಪಾ ಬೆಂಚಿನ ಮೇಲೆ.

ಕೆಪಾ ಕೆಟ್ಟ ಆಟಗಾರನಾ? ಅದೂ ಅಲ್ಲ. ಆ ಫೈನಲ್ ಆಗಿ ಮೂರು ತಿಂಗಳೊಳಗೇ ಸೂಪರ್ ಕಪ್‌ನಲ್ಲಿ ಪೆನಾಲ್ಟಿ ಶೂಟೌಟ್‌ಗೆ ಅಂತಲೇ ಮೆಂಡಿ ಜಾಗಕ್ಕೆ ಅವನನ್ನು ಇಳಿಸಿದರು, ಎರಡು ತಡೆದು ಕಪ್ ಗೆಲ್ಲಿಸಿದ. ಮರುವರ್ಷ ಲೀಗ್ ಕಪ್ ಫೈನಲ್‌ನಲ್ಲೂ ಹಾಗೇ ಇಳಿಸಿದರು. ಲಿವರ್‌ಪೂಲ್‌ನ ಹನ್ನೊಂದೂ ಪೆನಾಲ್ಟಿ ಒಳಗೆ ಹೋದವು, ಕೊನೆಗೆ ತಾನೇ ಒದೆಯಬೇಕಾದದ್ದನ್ನು ಗೋಲಿನ ಮೇಲಿಂದ ಹಾರಿಸಿಬಿಟ್ಟ. ಒಂದೇ ಮನುಷ್ಯ, ಒಂದೇ ಒಪ್ಪಂದ.

ಇನ್ನೊಂದು ಗೊಂದಲ ಬಿಡಿಸಬೇಕು. ಆಟಗಾರನನ್ನು ಕೊಳ್ಳಲು ಕೊಡುವ ದುಡ್ಡು, ಅಂದ್ರೆ ಟ್ರಾನ್ಸ್‌ಫರ್ ಫೀ, ಹೋಗುವುದು ಹಳೇ ಕ್ಲಬ್ಬಿಗೆ. ಆಟಗಾರನ ಜೇಬಿಗೆ ಬೀಳುವುದು ಸಂಬಳ. ಜನ ಎರಡನ್ನೂ ಕಲಸಿ ಮಾತಾಡ್ತಾರೆ. ಹಿಂದೆ ಒಪ್ಪಂದ ಮುಗಿದ ಮೇಲೂ ಹಳೇ ಕ್ಲಬ್ ದುಡ್ಡು ಕೇಳುತ್ತಿತ್ತು. ಬೆಲ್ಜಿಯಂನ ಜಾನ್ ಮಾರ್ಕ್ ಬಾಸ್ಮನ್ ಕೋರ್ಟಿಗೆ ಹೋಗಿ 1995ರ ಡಿಸೆಂಬರ್‌ನಲ್ಲಿ ಗೆದ್ದ ಮೇಲೆ ಯುರೋಪಿನಲ್ಲಿ ಅದು ನಿಂತಿತು. ಹಾಗಾಗಿಯೇ ಫ್ರಾನ್ಸಿನ ತಾರೆ ಎಂಬಾಪೆ 2024ರಲ್ಲಿ ಒಂದು ಯೂರೋ ಟ್ರಾನ್ಸ್‌ಫರ್ ಫೀ ಇಲ್ಲದೆ ರಿಯಲ್ ಮ್ಯಾಡ್ರಿಡ್ ಸೇರಿದ್ದು. ಅವನ ಆಟ ಸೊನ್ನೆ ಆಗಿತ್ತಾ? ಒಪ್ಪಂದದಲ್ಲಿ ಉಳಿದಿದ್ದ ತಿಂಗಳುಗಳು ಸೊನ್ನೆ ಆಗಿದ್ದವು, ಅಷ್ಟೇ.

ಉಲ್ಟಾ ಕೂಡ ಆಗುತ್ತದೆ. ನೆದರ್ಲೆಂಡ್ಸ್‌ನ ವಿನ್‌ಸ್ಟನ್ ಬೊಗಾರ್ಡ್ 2000ದಲ್ಲಿ ಚೆಲ್ಸಿ ಜೊತೆ ನಾಲ್ಕು ವರ್ಷದ ಒಪ್ಪಂದ ಮಾಡಿಕೊಂಡ. ಆಮೇಲೆ ಕ್ಲಬ್ಬಿಗೆ ಅವನು ಬೇಡವಾದ. ಅವನು ಜಪ್ಪಯ್ಯ ಅನ್ನಲಿಲ್ಲ, ಅವಧಿ ಮುಗಿಯುವ ತನಕ ಸಂಬಳ ತೆಗೆದುಕೊಂಡು ಅಲ್ಲೇ ಇದ್ದ. ಲೀಗಿನಲ್ಲಿ ಆಡಿದ್ದು 9 ಪಂದ್ಯ. ಎಲ್ಲರೂ ಅವನನ್ನು ನೋಡಿ ನಗ್ತಾರೆ. ನನಗೆ ನಗು ಬರಲ್ಲ. ಸಹಿ ಹಾಕಿದ್ದು ಕ್ಲಬ್ಬೂ ಹೌದಲ್ವಾ?

ಹಾಗಾದರೆ ದುಡ್ಡಿಗೂ ಆಟಕ್ಕೂ ಸಂಬಂಧವೇ ಇಲ್ವಾ? ಇದೆ, ಇಡೀ ತಂಡವನ್ನು ಒಟ್ಟಿಗೆ ನೋಡಿದರೆ. ಹಲವು ವರ್ಷಗಳ ಪಟ್ಟಿ ಹಿಡಿದು ಕೂತರೆ ಸಂಬಳದ ಒಟ್ಟು ಮೊತ್ತ ಜಾಸ್ತಿ ಇರುವ ಕ್ಲಬ್‌ಗಳೇ ಸಾಮಾನ್ಯವಾಗಿ ಮೇಲಿರುತ್ತವೆ. ಇಪ್ಪತ್ತೈದು ಜನರಲ್ಲಿ ಒಬ್ಬನಿಗೆ ಹೆಚ್ಚು ಕೊಟ್ಟ ತಪ್ಪು, ಇನ್ನೊಬ್ಬನಿಗೆ ಕಡಿಮೆ ಕೊಟ್ಟದ್ದರಲ್ಲಿ ಸರಿಹೋಗುತ್ತದೆ. 2016ರಲ್ಲಿ ಲೆಸ್ಟರ್ ಪ್ರೀಮಿಯರ್ ಲೀಗ್ ಗೆದ್ದದ್ದು ಇಂಥ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿ. ಆದರೆ ಆ ತಂಡಕ್ಕೆ ಅಗ್ಗಕ್ಕೆ ಸಿಕ್ಕಿದ್ದ ಆಟಗಾರ ಕಾಂಟೆಯನ್ನು ಅದೇ ಬೇಸಿಗೆಯಲ್ಲಿ ಚೆಲ್ಸಿ ಹೊತ್ತೊಯ್ದಿತು. ಬೆಲೆ ಆಟವನ್ನು ಹಿಡಿಯುತ್ತದೆ, ಸ್ವಲ್ಪ ತಡವಾಗಿ.

ಇಷ್ಟೆಲ್ಲ ಹೇಳಿದ ಮೇಲೂ ಒಬ್ಬರು ಕೇಳಿಯೇ ಕೇಳ್ತಾರೆ, "ಮತ್ತೆ ನೆಯ್ಮಾರ್?" 2017ರ ಆ 22.2 ಕೋಟಿ ಯೂರೋ ಕೂಡ ಯಾರೋ ಅವನ ಆಟ ತೂಗಿ ಹೇಳಿದ ಬೆಲೆಯಲ್ಲ. ಅದೂ ರಿಲೀಸ್ ಕ್ಲಾಸೇ. ಯಾರೂ ಕಟ್ಟಲಾರರು ಅಂತ ಅವನ ಹಳೇ ಕ್ಲಬ್ ಬಾರ್ಸಿಲೋನಾ ಬರೆದಿಟ್ಟಿದ್ದ ಸಂಖ್ಯೆ. ಪ್ಯಾರಿಸ್‌ನವರು ಕಟ್ಟಿಬಿಟ್ಟರು.